ಓಟಿ ಅಂದರೆ ಆಪರೇಷನ್ ಥಿಯೇಟರ್ ಒಂದೇ ಅಲ್ಲ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಲಕ್ವ ಹೊಡೆದ ಅಪ್ಪನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ ಮಗಳ ಕೈಯಲ್ಲಿ ‘ಓಟಿ’ ಎಂದು ಬರೆದ ಚೀಟಿ. ಆಸ್ಪತ್ರೆಯವರು ಆಕೆಯನ್ನು ಆಪರೇಷನ್ ಥಿಯೇಟರಿಗೆ ಕಳಿಸಿದರು. ಅಪ್ಪನಿಗೆ ಆಪರೇಷನ್ನೇ ಎಂದು ಹೆದರಿ ಮಧ್ಯಾಹ್ನದವರೆಗೆ ಆ ಬಾಗಿಲ ಮುಂದೆ ಕೂತಿದ್ದಳು. ಡಾಕ್ಟರು ಬರೆದದ್ದು ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ರೋಗಿ ಮತ್ತೆ ತಾನೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ. ಅದು ಎಲ್ಲಿ ಎಂದು ಹೇಳುವ ಒಂದು ಫಲಕವೂ ಇರಲಿಲ್ಲ. ಇಂಥದ್ದನ್ನು ನೋಡಿ ನೋಡಿ ಸಾಕಾಗಿದೆ.

ಚೀಟಿಯಲ್ಲಿ ಪೂರ್ತಿ ಹೆಸರು ಬರೆಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಆಕ್ಯುಪೇಷನಲ್ ಥೆರಪಿಸ್ಟರಾದ ನಮ್ಮ ವಿಭಾಗಕ್ಕೆ ಬೇರೆ ಕೋಣೆ, ಬೇರೆ ಹುದ್ದೆ ಕೊಡಿ.

‘ಫಿಸಿಯೋಥೆರಪಿ ಇದೆಯಲ್ಲ’ ಅನ್ನುತ್ತಾರೆ. ಇದೆ, ಇರಲೇಬೇಕು. ಅವರು ಕಾಲಿಗೆ ಬಲ ತುಂಬಿ ರೋಗಿಯನ್ನು ಬಚ್ಚಲ ಬಾಗಿಲವರೆಗೆ ನಡೆಸುತ್ತಾರೆ. ಒಳಗೆ ಹೋದಮೇಲೆ? ಅಲ್ಲಿಂದ ಮುಂದಿನದು ನಮ್ಮ ಕೆಲಸ. ಅಂಗಿ ತೊಡುವಾಗ ಸ್ವಾಧೀನವಿಲ್ಲದ ಕೈ ಮೊದಲು ತೋಳಿಗಿಳಿಯಬೇಕು, ಬಿಚ್ಚುವಾಗ ಅದೇ ಕೊನೆಗೆ ಬರಬೇಕು. ಇದು ತಿಳಿಯದೆ ಮನೆಯವರು ಆ ಕೈ ಹಿಡಿದೆಳೆಯುತ್ತಾರೆ, ಭುಜದ ನೋವು ಶುರುವಾಗುತ್ತದೆ. ಒಂದೇ ಕೈ ಆಡುವ ಹೆಂಗಸು ಈಳಿಗೆಮಣೆ ಮೇಲೆ ಕೂರಲಾರಳು. ಮರದ ಹಲಗೆಗೆ ಕೆಳಗಿನಿಂದ ಎರಡು ಸ್ಟೀಲ್ ಮೊಳೆ ಹೊಡೆದು, ಮೇಲೆ ಬಂದ ತುದಿಗೆ ಆಲೂಗಡ್ಡೆ ಚುಚ್ಚಿ, ಹಲಗೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿದರೆ ಹುಳಿಗೆ ತಾನೇ ಹೆಚ್ಚಿಕೊಳ್ಳುತ್ತಾಳೆ. ಕೈ ಸೆಟೆದುಕೊಂಡವರಿಗೆ ಸ್ಪ್ಲಿಂಟ್ (ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಪಟ್ಟಿ) ಮಾಡುವ ಪ್ಲಾಸ್ಟಿಕ್ ಹಾಳೆಯನ್ನು 65–70 ಡಿಗ್ರಿ ಬಿಸಿನೀರಲ್ಲಿ ಮೆತ್ತಗಾಗಿಸಿ, ಮಣಿಕಟ್ಟು 20–30 ಡಿಗ್ರಿ ಹಿಂದಕ್ಕೆ ಬಾಗಿರುವಂತೆ ಕೂರಿಸುತ್ತೇವೆ. ಸ್ಪ್ಲಿಂಟ್ ತೆಗೆದು 20 ನಿಮಿಷವಾದರೂ ಚರ್ಮದ ಕೆಂಪು ಹೋಗದಿದ್ದರೆ, ಆ ಜಾಗಕ್ಕೆ ಒತ್ತುವ ಕಡೆ ಸ್ಪ್ಲಿಂಟನ್ನು ಮತ್ತೆ ಬಿಸಿಮಾಡಿ ಉಬ್ಬಿಸಬೇಕು. ಬಿಟ್ಟರೆ ಹುಣ್ಣಾಗುತ್ತದೆ. ಇದನ್ನು ಕಲಿಯಲು ವರ್ಷಗಳು ಹಿಡಿಯುತ್ತವೆ ಸ್ವಾಮಿ, ವಾರ್ಡಿನಲ್ಲಿ ಬಿಡುವಿದ್ದವರು ಮಾಡುವ ಕೆಲಸವಲ್ಲ.

ಪೂರಕ ಹಾಗೂ ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯ್ದೆ ನಮ್ಮ ವೃತ್ತಿಯನ್ನು ಫಿಸಿಯೋಥೆರಪಿಯಿಂದ ಬೇರೆಯಾಗಿಯೇ ಪಟ್ಟಿ ಮಾಡಿದೆ. ತಮಗೆ ಗೊತ್ತಿರುವುದೇ. ಕಾಯ್ದೆಯಲ್ಲಿ ಬೇರೆ ಇರುವುದು ಆಸ್ಪತ್ರೆಯ ಗೋಡೆಯ ಮೇಲೆ ಯಾಕೆ ಬೇರೆ ಇಲ್ಲ? ‘ಔದ್ಯೋಗಿಕ ಚಿಕಿತ್ಸೆ’ ಎಂದು ಬರೆಸಬೇಡಿ, ಕೆಲಸ ಕೊಡಿಸುವ ಕಚೇರಿ ಅಂದುಕೊಂಡು ಜನ ಬರುತ್ತಾರೆ. ‘ಆಕ್ಯುಪೇಷನಲ್ ಥೆರಪಿ’ ಎಂದೇ ಬರೆಸಿ, ಕೆಳಗೆ ಹೀಗೆ ಸೇರಿಸಿ: ಊಟ, ಸ್ನಾನ, ಬಟ್ಟೆ, ಅಡುಗೆ, ಬರವಣಿಗೆ ಮತ್ತೆ ತಾವೇ ಮಾಡಿಕೊಳ್ಳಲು ಇಲ್ಲಿ ಕಲಿಸಲಾಗುತ್ತದೆ.

ಹುದ್ದೆಗೆ ಬಜೆಟ್ ಬೇಕು, ಒಪ್ಪುತ್ತೇವೆ. ಚೀಟಿಯಲ್ಲಿ ಪೂರ್ತಿ ಹೆಸರು ಬರೆಯಲು ಒಂದು ಸುತ್ತೋಲೆ ಸಾಕು. ಅದನ್ನು ಈ ತಿಂಗಳೇ ಹೊರಡಿಸಿ.

ಇಂತಿ,
ರಾಜ್ಯದ ಕೆಲವು ಆಕ್ಯುಪೇಷನಲ್ ಥೆರಪಿಸ್ಟರು