ತಾರೀಖು ನೋಡಿ ಹಾಯಿ ಬಿಚ್ಚಬೇಡ

ಚಿತ್ರದುರ್ಗ

ಪುಟ್ಟೀ,

ಕ್ಯಾನ್ಸರ್ ಗೆದ್ದ ಮಕ್ಕಳನ್ನ ಹತ್ತಿಸಿಕೊಂಡು ಬ್ರಿಟನ್ ಸುತ್ತೋ ಹಾಯಿದೋಣಿಯಲ್ಲಿ ಸ್ವಯಂಸೇವಕಿಯಾಗಿ ಹೊರಟಿರೋ ನೀನು ಕಳಿಸಿದ ವೇಳಾಪಟ್ಟಿಯನ್ನ ಪ್ರಿಂಟ್ ತೆಗೆಸಿ ಹಾಲ್‌ನ ಗೋಡೆಗೆ ಅಂಟಿಸಿದ್ದೀನಿ. ಪಕ್ಕದಲ್ಲೇ ಬ್ರಿಟನ್ನಿನ ನಕ್ಷೆ. ಸೌತಾಂಪ್ಟನ್ ಬಿಟ್ಟು ಫಾಲ್ಮತ್, ಲ್ಯಾಂಡ್ಸ್ ಎಂಡ್ ಮೂಲೆ ತಿರುಗಿ ಐರಿಷ್ ಸಮುದ್ರ, ಮೇಲೆ ಸ್ಕಾಟ್ಲೆಂಡ್, ಆಮೇಲೆ ಉತ್ತರ ಸಮುದ್ರದಲ್ಲಿ ಇಳಿದು ವಾಪಸ್ಸು. ಹತ್ತಿರ ಹತ್ತಿರ ಎರಡು ಸಾವಿರ ನಾಟಿಕಲ್ ಮೈಲಿ. ನಿಮ್ಮಮ್ಮ ದಿನಾ ಅದರ ಮುಂದೆ ನಿಂತು ಓದಿ ಓದಿ, ಅಬರ್ಡೀನ್ ಅನ್ನೋದು ಅವಳ ಬಾಯಲ್ಲಿ ಹಿರಿಯೂರು, ಹೊಳಲ್ಕೆರೆಯಷ್ಟೇ ಸಲೀಸಾಗಿದೆ.

ಓಣಿಯಲ್ಲೆಲ್ಲ ಸುದ್ದಿ ಆಗಿದೆ. ಎಲ್ಲರದೂ ಒಂದೇ ಪ್ರಶ್ನೆ: ಸಂಬಳ ಎಷ್ಟಂತೆ? ಸಂಬಳ ಇಲ್ಲ, ಮೇಲೆ ಚಂದಾ ಬೇರೆ ಅವಳೇ ಎತ್ತಬೇಕು ಅಂದ್ರೆ ನನ್ನ ಮುಖ ಮಿಕಮಿಕ ನೋಡ್ತಾರೆ. ಅವರದೂ ತಪ್ಪಲ್ಲ ಬಿಡು. ‘ಮಾಡಿದಷ್ಟು ನೀಡು ಭಿಕ್ಷೆ’ ಅಂದ ನಾಯಕನಹಟ್ಟಿ ತಿಪ್ಪೇಸ್ವಾಮಿಯ ಸೀಮೆ ನಮ್ಮದು. ಕೆಲಸ ಅಂದ ಮೇಲೆ ಕೂಲಿ ಕೇಳೇ ಕೇಳ್ತಾರೆ.

ನನಗಿದ್ದ ಅನುಮಾನ ಬೇರೆ. ಕ್ಯಾನ್ಸರ್ ಮಕ್ಕಳಿಗೆ ಅಂತ ದುಡ್ಡು ಎತ್ತೋರು ದೋಣಿಗೆ, ಹಾಯಿಗೆ, ಬಂದರಿನ ಬಾಡಿಗೆಗೆ ಯಾಕೆ ಸುರೀಬೇಕು, ನೇರ ಆಸ್ಪತ್ರೆಗೇ ಕೊಡಬಹುದಲ್ಲ ಅಂತ. ನೀನು ಹೇಳಿದ ಮೇಲೆ ಸರಿ ಅನ್ನಿಸ್ತು: ಚಿಕಿತ್ಸೆ ಮುಗಿಸಿದ ಹುಡುಗ ಹುಡುಗಿಯರೇ ಒಂದೊಂದು ಹಂತಕ್ಕೆ ದೋಣಿ ಹತ್ತಿ ಹಗ್ಗ ಎಳೀತಾರೆ, ಚುಕ್ಕಾಣಿ ಹಿಡೀತಾರೆ. ವರ್ಷಗಟ್ಟಲೆ ಎಲ್ಲರಿಂದಲೂ ‘ಸುಸ್ತಾಗುತ್ತೆ, ಮಲಕ್ಕೋ’ ಅಂತ ಅನ್ನಿಸಿಕೊಂಡವರಿಗೆ ‘ಆ ಹಗ್ಗ ಬಿಗಿಯಾಗಿ ಹಿಡಿ’ ಅನ್ನೋರು ಸಿಗೋದು ಸಣ್ಣ ಮಾತಲ್ಲ. 2005ರಲ್ಲಿ ಒಬ್ಬಳೇ ಹಾಯಿದೋಣಿಯಲ್ಲಿ 71 ದಿನ 14 ಗಂಟೆ ಚಿಲ್ಲರೆಗೆ ಭೂಮಿ ಸುತ್ತಿ ದಾಖಲೆ ಮಾಡಿದ ಎಲೆನ್ ಮೆಕಾರ್ಥರ್, ಅದಕ್ಕೂ ಎರಡು ವರ್ಷ ಮೊದಲೇ ಇಂಥದೇ ಕೆಲಸಕ್ಕೆ ಟ್ರಸ್ಟ್ ಕಟ್ಟಿದ್ದಳಂತೆ. ಲಾರ್ಡ್ ನೆಲ್ಸನ್ ಅನ್ನೋ ಹಡಗಿನ ಬಗ್ಗೆಯೂ ಓದಿದೆ. 1986ರಿಂದ ಗಾಲಿಕುರ್ಚಿಯವರನ್ನ ಪ್ರಯಾಣಿಕರಾಗಿ ಕೂರಿಸದೆ ಸಿಬ್ಬಂದಿಯಾಗೇ ದುಡಿಸಿಕೊಂಡ ಹಡಗು, ಕಣ್ಣು ಕಾಣದವರೂ ನಡೆಸಲಿ ಅಂತ ಮಾತಾಡೋ ದಿಕ್ಸೂಚಿ ಬೇರೆ ಇಟ್ಟಿದ್ದರು. ಅಂಥಾ ಹಡಗಿನ ಟ್ರಸ್ಟು 2023ರ ಕೊನೆಗೆ ದುಡ್ಡಿಲ್ಲದೆ ಮುಚ್ಚಿಹೋಯ್ತು. ಅದನ್ನ ಓದಿದ ಮೇಲೇ ನಿಮ್ಮ ವೇಳಾಪಟ್ಟಿಯನ್ನ ಇನ್ನೊಂದು ಸಲ ನಿಧಾನಕ್ಕೆ ನೋಡಿದ್ದು.

ದೋಣಿ ನಡೀಬೇಕು ಅಂದ್ರೆ ದಾನಿ ಬೇಕು. ದಾನಿ ಬಂದಲ್ಲಿ ಸಮಾರಂಭ, ಸಮಾರಂಭ ಇದ್ದಲ್ಲಿ ತಾರೀಖು. ನಿಮ್ಮ ಪಟ್ಟಿಯಲ್ಲಿ ಒಂದೊಂದು ಬಂದರಿಗೂ ಒಂದು ತಾರೀಖು, ಒಂದು ಸ್ವಾಗತ, ಎರಡು ಕಡೆ ಶಾಲೆ ಮಕ್ಕಳ ಬ್ಯಾಂಡ್‌ಸೆಟ್ಟು. ನಡುವೆ ಸುಮ್ಮನೆ ಕೂರೋಕೆ ಬಿಟ್ಟ ದಿನ ಎಷ್ಟು ಅಂತ ಹುಡುಕಿದೆ. ಬಲು ಕಮ್ಮಿ. ಅಲೆಗಿಂತ ಜಾಸ್ತಿ ನನಗೆ ಭಯ ಆಗಿರೋದು ಆ ಪಟ್ಟಿಯದ್ದೇ.

ನಿಮ್ಮಪ್ಪ ಸಮುದ್ರ ಕಂಡವನಲ್ಲ. ನಮಗೆ ಜಾಸ್ತಿ ನೀರು ಅಂದ್ರೆ ಮಾರಿಕಣಿವೆ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಬೀಳೋಕೆ 2022ರ ತನಕ ಕಾಯಬೇಕಾಯ್ತು. ಆದರೆ ಗಾಳಿಯ ವಿಷಯ ನನ್ನ ಹತ್ತಿರ ಕೇಳು. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯೋ ಫ್ಯಾನುಗಳನ್ನ ರಿಪೇರಿ ಮಾಡ್ತಾ ಅದರ ಹೊಟ್ಟೆಯೊಳಗೆ ಹತ್ತಿ ಇಳಿದೇ ನನ್ನ ಮಂಡಿ ಸವೆದಿರೋದು. ಆಷಾಢದ ಗಾಳಿ ಎತ್ತಿಕೊಂಡಾಗ ಕಂಪನಿಗೆ ಸುಗ್ಗಿ. ಗಾಳಿ ಬಂದಾಗ ತೂರಿಕೋ ಅಂತ ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ಒಂದು ಯಂತ್ರ ಕೆಟ್ಟು ನಿಂತರೆ ಆಫೀಸಿನಿಂದ ಫೋನ್ ಮೇಲೆ ಫೋನು: ‘ಹತ್ತಿದ್ರಾ? ಎಷ್ಟೊತ್ತಿಗೆ ಶುರುವಾಗುತ್ತೆ?’ ಹಿಂದೆ ನಾನಿದ್ದ ಒಂದು ಕಡೆ ಒಬ್ಬ ಮೇಲಿನವನು ‘ಸ್ವಲ್ಪ ಗಾಳಿ ಇದೆ ಅಷ್ಟೇ ತಾನೆ’ ಅಂದಿದ್ದ. ಅವನು ಕೂತಿದ್ದು ಬೆಂಗಳೂರಿನ ಎ.ಸಿ. ರೂಮಲ್ಲಿ. ನಾನು ಹತ್ತಲಿಲ್ಲ. ಗಾಳಿ ಇಳಿದ ಮೇಲೆ ಹತ್ತಿದೆ. ಅವತ್ತಿನ ಕರೆಂಟು ಹೋಯ್ತು, ನನ್ನ ಹೆಸರೂ ಸ್ವಲ್ಪ ಕೆಟ್ಟಿತು. ಇದನ್ನ ಮನೆಯಲ್ಲಿ ಹೇಳಿರಲಿಲ್ಲ.

ಲೆಕ್ಕ ಹೇಳ್ತೀನಿ ಕೇಳು. ಗಾಳಿಯ ವೇಗ ಎರಡರಷ್ಟಾದರೆ ಅದು ಹಾಯಿಯನ್ನ ನೂಕೋ ಬಲ ನಾಲ್ಕರಷ್ಟು. ಸೆಕೆಂಡಿಗೆ 12 ಮೀಟರ್ ಬೀಸಿದರೆ ನಮ್ಮ ಫ್ಯಾನುಗಳು ಖುಷಿಯಿಂದ ತಿರುಗ್ತವೆ. ನಿಮ್ಮ ಲೆಕ್ಕದಲ್ಲಿ ಅದು 23 ನಾಟ್ (ಗಂಟೆಗೆ 23 ನಾಟಿಕಲ್ ಮೈಲಿ), ಗಾಳಿಯ ಜೋರು ಅಳೆಯೋ ಬ್ಯೂಫೋರ್ಟ್ ಮಾಪನದಲ್ಲಿ 6. ಅಷ್ಟೊತ್ತಿಗೆ ನೀವು ಹಾಯಿಯನ್ನ ರೀಫ್ ಮಾಡಿ ಚಿಕ್ಕದು ಮಾಡಿಕೊಂಡಿರಬೇಕು. 25 ಮೀಟರ್ ದಾಟಿದರೆ ನಮ್ಮ ದೊಡ್ಡ ಯಂತ್ರಗಳೇ ರೆಕ್ಕೆ ತಿರುಗಿಸಿಕೊಂಡು ನಿಂತುಬಿಡ್ತವೆ. ಆ ಯಂತ್ರಕ್ಕೆ ಯಾವ ಸಮಾರಂಭದ ತಾರೀಖೂ ಗೊತ್ತಿಲ್ಲ ನೋಡು, ಅದಕ್ಕೇ ಅದು ಸರಿಯಾಗಿ ನಿರ್ಧಾರ ಮಾಡುತ್ತೆ.

ನೀವು ಹೋಗೋ ದಾರಿಯಲ್ಲೇ, ವೇಲ್ಸ್‌ನ ಆಂಗಲ್ಸಿ ದ್ವೀಪದ ಹತ್ತಿರ, 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಅನ್ನೋ ಹಡಗು ಬಂಡೆಗೆ ಬಡಿದು ಒಡೀತು. ಆಸ್ಟ್ರೇಲಿಯಾದಲ್ಲಿ ಚಿನ್ನ ಅಗೆದು ಊರಿಗೆ ಹೊರಟ ಜನ. ಮೆಲ್ಬೋರ್ನ್‌ನಿಂದ ಲಿವರ್‌ಪೂಲಿಗೆ 60 ದಿನದೊಳಗೆ ಅಂತ ಜಾಹೀರಾತು ಕೊಟ್ಟು ಓಡಿಸ್ತಿದ್ದ ಹಡಗು ಅದು. ಹಾಲಿಹೆಡ್ ಬಂದರು ಪಕ್ಕದಲ್ಲೇ ಇತ್ತು. ಅಲ್ಲಿ ನಿಲ್ಲದೆ ಲಿವರ್‌ಪೂಲ್ ಕಡೆಗೇ ಮುಂದುವರೀತು. ನಾನೂರಕ್ಕೂ ಹೆಚ್ಚು ಜನ ಹೋದರು, ಅರ್ಧ ಭೂಮಿ ಸುತ್ತಿ ಬಂದು ಊರ ಬಾಗಿಲಲ್ಲಿ. ಆಮೇಲೇ ಫಿಟ್ಜ್‌ರಾಯ್ (ಡಾರ್ವಿನ್ ಹೋಗಿದ್ದ ಬೀಗಲ್ ಹಡಗಿನ ಕ್ಯಾಪ್ಟನ್) ಹಟ ಹಿಡಿದು 1861ರಲ್ಲಿ ಟೆಲಿಗ್ರಾಫ್ ಮೂಲಕ ಬಂದರುಗಳಿಗೆ ಬಿರುಗಾಳಿ ಎಚ್ಚರಿಕೆ ಕಳಿಸೋಕೆ ಶುರುಮಾಡಿದ್ದು. ಬಿಬಿಸಿ ರೇಡಿಯೋದಲ್ಲಿ ನೀನು ಕೇಳೋ ಸಮುದ್ರದ ಹವಾಮಾನ ಮುನ್ಸೂಚನೆ, ಆ ಶಿಪ್ಪಿಂಗ್ ಫೋರ್‌ಕಾಸ್ಟಿನಲ್ಲಿ ಡಾಗರ್, ಫಿಷರ್, ಜರ್ಮನ್ ಬೈಟ್ ಅಂತ ಓದ್ತಾ ಹೋಗ್ತಾರಲ್ಲ, ಆ ಸಾಲಿನಲ್ಲಿ ಈಗ ಅವನ ಹೆಸರಿನದೂ ಒಂದು ಸಮುದ್ರ ಪ್ರದೇಶ ಇದೆ.

ಇನ್ನೊಂದು ವಿಷಯ. ನಿಮಗೆ ಏನಾದರೂ ಆದರೆ ಬರೋರು ಯಾರು? ಆರ್‌ಎನ್‌ಎಲ್‌ಐನವರು. ಸಮುದ್ರದಲ್ಲಿ ಸಿಕ್ಕಿಕೊಂಡವರನ್ನ ಕಾಪಾಡೋಕೆ 1824ರಲ್ಲಿ ಶುರುವಾದ ಸಂಸ್ಥೆ, ಅದೂ ದಾನದ ದುಡ್ಡಲ್ಲೇ ನಡೆಯೋದು, ಅವರ ದೋಣಿ ಹತ್ತೋರಲ್ಲಿ ಮುಕ್ಕಾಲು ಪಾಲಿಗೂ ಮೇಲೆ ನಿಮ್ಮ ಥರಾನೇ ಸಂಬಳ ಇಲ್ಲದವರು. ಮೀನುಗಾರರು, ಅಂಗಡಿಯವರು, ಮೇಷ್ಟ್ರುಗಳು. ಲ್ಯಾಂಡ್ಸ್ ಎಂಡ್ ಹತ್ತಿರ ಮೌಸ್‌ಹೋಲ್ ಅಂತ ಒಂದು ಪುಟ್ಟ ಊರು. 1981ರ ಡಿಸೆಂಬರ್ 19ರ ರಾತ್ರಿ ಎಂಜಿನ್ ಕೆಟ್ಟ ಹಡಗೊಂದರ ಜನರನ್ನ ಕಾಪಾಡೋಕೆ ಆ ಊರಿನ ಎಂಟು ಜನ ಸಾಲೊಮನ್ ಬ್ರೌನ್ ಅನ್ನೋ ದೋಣಿಯಲ್ಲಿ ಹೋದರು. ಎಂಟೂ ಜನ ವಾಪಸ್ ಬರಲಿಲ್ಲ. ಮಾರನೇ ದಿನವೇ ಹೊಸ ತಂಡಕ್ಕೆ ಬೇಕಾದಷ್ಟು ಜನ ಹೆಸರು ಕೊಟ್ಟರಂತೆ. ಹಾಗಾಗಿ, ಯಾವುದೋ ಬ್ಯಾಂಡ್‌ಸೆಟ್ಟು ಕಾಯ್ತಿದೆ ಅಂತ ನೀವು ಕೆಟ್ಟ ಗಾಳಿಗೆ ಹೊರಟರೆ ಪಣಕ್ಕೆ ಬೀಳೋದು ನಿಮ್ಮ ಜೀವ ಒಂದೇ ಅಲ್ಲ. ಇನ್ಯಾರದೋ ಮನೆಯ ಊಟದ ತಟ್ಟೆ ಮುಂದಿಂದ ಒಬ್ಬ ಎದ್ದು ಬರಬೇಕಾಗುತ್ತೆ.

ಸಮುದ್ರದಲ್ಲಿ ಮರ್ಯಾದೆ ಕೊಡಲೇಬೇಕಾದ ವೇಳಾಪಟ್ಟಿ ಅಂದ್ರೆ ಉಬ್ಬರವಿಳಿತದ್ದು. ಸ್ಕಾಟ್ಲೆಂಡಿನ ತುದಿಯ ಪೆಂಟ್‌ಲ್ಯಾಂಡ್ ಫರ್ತ್ ಅನ್ನೋ ಜಲಸಂಧಿ ಬಗ್ಗೆ ಓದಿ ಎರಡು ರಾತ್ರಿ ನಿದ್ದೆ ಕೆಟ್ಟಿತು. ಅಟ್ಲಾಂಟಿಕ್ ಒಂದು ಹೊತ್ತಿಗೆ ಉಬ್ಬಿದರೆ ಉತ್ತರ ಸಮುದ್ರ ಇನ್ನೊಂದು ಹೊತ್ತಿಗೆ. ನಡುವಿನ ಇಕ್ಕಟ್ಟಿನಲ್ಲಿ ನೀರು 9 ನಾಟ್‌ಗೂ ಮೀರಿ ಹರಿಯುತ್ತಂತೆ. ನಿಮ್ಮ ದೋಣಿ ಓಡೋದೇ ಆರೋ ಏಳೋ. ತಪ್ಪು ಹೊತ್ತಿಗೆ ನುಗ್ಗಿದರೆ ಮೂತಿ ಮುಂದಕ್ಕೆ, ದೋಣಿ ಹಿಂದಕ್ಕೆ. ಇನ್ವರ್ನೆಸ್ ಕಡೆಗೆ ನೆಲದ ಮಧ್ಯೆ 1822ರಲ್ಲಿ ತೆರೆದ ಕೆಲಡೋನಿಯನ್ ಕಾಲುವೆ ಇದೆಯಲ್ಲ, 29 ಲಾಕ್‌ಗಳು (ನೀರು ತುಂಬಿಸಿ ಖಾಲಿ ಮಾಡಿ ದೋಣಿಯನ್ನ ಎತ್ತಿ ಇಳಿಸೋ ಗೇಟಿನ ತೊಟ್ಟಿಗಳು), ಹತ್ತಿ ಇಳಿದುಕೊಂಡು ಆರಾಮಾಗಿ ಆಚೆ ದಡ ಸೇರಬಹುದು. ‘ಪೂರ್ತಿ ಸುತ್ತು ಹಾಕಿದ ಹಾಗಾಗಲ್ಲ’ ಅಂತ ನಿಮ್ಮ ತಂಡದಲ್ಲಿ ಯಾರೋ ಮೂಗು ಮುರಿದರು ಅಂದ್ಯಲ್ಲ, ಅವರನ್ನ ನಾನು ಒಂದು ಸಲ ನೋಡಬೇಕು. ಮಕ್ಕಳನ್ನ ಕೂರಿಸಿಕೊಂಡು ಹೋಗೋ ದೋಣಿಗೆ ಎಂಥಾ ಪಂದ್ಯ?

ಸ್ಕಿಪ್ಪರ್ (ನಿಮ್ಮ ದೋಣಿಯ ಕ್ಯಾಪ್ಟನ್) ಹತ್ತಿರ ಹೊರಡೋ ಮುಂಚೆಯೇ ಕೇಳು: ಎಷ್ಟು ಗಾಳಿಗೆ ಹೊರಡಲ್ಲ, ಮಕ್ಕಳಿದ್ದಾಗ ಎಷ್ಟಕ್ಕೆ ಹೊರಡಲ್ಲ, ಅಂತ. ಬಾಯಿ ಮಾತಲ್ಲಿ ಬೇಡ, ಸಂಖ್ಯೆಯಲ್ಲಿ, ಎಲ್ಲರಿಗೂ ಕಾಣೋ ಹಾಗೆ ಚಾರ್ಟ್ ಟೇಬಲ್ ಮೇಲೆ ಬರೆದಿಡಲಿ. ಬಂದರಿನಲ್ಲಿ ಕಾಫಿ ಕುಡೀತಾ ಒಪ್ಪಿಕೊಂಡ ಸಂಖ್ಯೆ, ದಾನಿಗಳ ಫೋನ್ ಬಂದಾಗ ಕೈ ಹಿಡಿಯುತ್ತೆ. ಅವರು ಸಿಡುಕಿದರೆ ಸಿಡುಕಲಿ. ಒಳ್ಳೆ ಸ್ಕಿಪ್ಪರ್ ಆದರೆ ನಗ್ತಾರೆ, ಆಗಲೇ ಬರೆದಿಟ್ಟಿರ್ತಾರೆ.

ಉಳಿದದ್ದು ನಿನಗೆ ತರಬೇತಿಯಲ್ಲಿ ಹೇಳಿಕೊಟ್ಟಿರ್ತಾರೆ. ಒಂದು ಮಾತ್ರ ನನ್ನದೂ ಇರಲಿ. ಟವರ್ ಮೇಲೆ ಮುಚ್ಚಳ ತೆಗೆದು ಹೊರಗೆ ತಲೆ ಹಾಕೋ ಮುಂಚೆ ನಾವು ಮೊದಲ ಕೊಕ್ಕೆ ಹಾಕ್ತೀವಿ. ಎರಡನೇದನ್ನ ಹಾಕಿ, ಎಳೆದು ನೋಡಿ, ಟಕ್ ಅನ್ನೋ ಸದ್ದು ಕೇಳಿದ ಮೇಲೇ ಮೊದಲನೇದನ್ನ ಬಿಚ್ಚೋದು. ನೀನೂ ಕ್ಯಾಬಿನ್ ಮೆಟ್ಟಿಲ ಮೇಲೆ ನಿಂತಾಗಲೇ, ಡೆಕ್ಕಿಗೆ ಕಾಲಿಡೋ ಮುಂಚೆ, ದೋಣಿಗೆ ಕಟ್ಟಿಕೊಳ್ಳೋ ಆ ಹಗ್ಗ, ಟೆದರ್, ಸಿಗಿಸಿಕೋ. ಸಮುದ್ರ ಶಾಂತವಾಗಿದ್ದಾಗಲೂ. ಬೇಸರ ಆದಾಗಲೂ. ಬೂಮ್ (ಹಾಯಿಯ ಬುಡದ ಅಡ್ಡಕಂಬ) ಯಾವ ಕಡೆ ಇದೆ ಅಂತ ನೋಡದೆ ತಲೆ ಎತ್ತಬೇಡ.

ಪಾರ್ಸಲ್ ಸೋಮವಾರ ಹೋಗುತ್ತೆ. ಶೇಂಗಾ ಚಟ್ನಿಪುಡಿ, ರಾಗಿ ಹುರಿಹಿಟ್ಟು, ವಾಂತಿಗೆ ಒಣಶುಂಠಿ. ಚಳ್ಳಕೆರೆ ಕಡೆಯ ಕುರಿ ಕಂಬಳಿ ಒಂದು ಇಟ್ಟಿದ್ದೀನಿ, ತೂಕ ಜಾಸ್ತಿ ಅಂತ ಬೈಕೋಬೇಡ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತೆ, ರಾತ್ರಿ ಪಾಳಿಗೆ ಆಗುತ್ತೆ. ನಿನಗೆ ಚುಚ್ಚಿದರೆ ಬೇರೆ ಯಾರಿಗಾದರೂ ಕೊಡು, ಆ ಮಕ್ಕಳು ಯಾರಾದರೂ ಹೊದ್ದುಕೊಳ್ಳಲಿ.

ದೋಣಿ ಎಲ್ಲಿದೆ ಅಂತ ಮೊಬೈಲಲ್ಲಿ ತೋರಿಸೋ ಲಿಂಕ್ ಅಮ್ಮನಿಗೆ ಕಳಿಸು. ಸಿಗ್ನಲ್ ಇಲ್ಲದ ಕಡೆ ಚುಕ್ಕೆ ನಿಂತಲ್ಲೇ ನಿಂತಿರುತ್ತೆ ಅಂತ ಅವಳಿಗೆ ಈಗಲೇ ಫೋನ್ ಮಾಡಿ ನೀನೇ ಹೇಳಿಬಿಡು, ನಾನು ಹೇಳಿದರೆ ನಂಬಲ್ಲ. ಚಂದಾ ಪುಟದಲ್ಲಿ ನಮ್ಮ ಕಾರ್ಡ್ ತಗೊಳ್ತಿಲ್ಲ, ನಿನ್ನ ಖಾತೆಗೇ ಹಾಕ್ತೀನಿ, ಅಲ್ಲಿಂದ ಕಟ್ಟು. ಓಣಿಯವರದೂ ಸೇರಿದೆ. ಸಂಬಳ ಕೇಳಿದವರೇ ಜಾಸ್ತಿ ಕೊಟ್ಟಿದ್ದಾರೆ.

ನಿನ್ನ
ಅಪ್ಪ