ಪಾವತಿ ಹರಿದು ಕೊಟ್ಟರೆ ಸಾಕೇ?

ಸಂಪಾದಕರಿಗೆ ನಮಸ್ಕಾರ.

ಮಾರ್ಚ್ ಬಂತೆಂದರೆ ನನ್ನ ಫೋನಿಗೆ ದೇಣಿಗೆ ಕೇಳುವ ಮೆಸೇಜುಗಳು ಸಾಲಾಗಿ ಬರುತ್ತವೆ. ವೃದ್ಧಾಶ್ರಮ, ಗೋಶಾಲೆ, ಕಿವುಡ ಮಕ್ಕಳ ಶಾಲೆ, ಹೀಗೆ. ಕೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ನಾನೂ ಕೇಳುವವಳೇ. ರಬಕವಿಯಲ್ಲಿ ನಾವು ಕೆಲವರು ಸೇರಿ ನೇಕಾರರ ಮಕ್ಕಳಿಗಾಗಿ ಸಂಜೆ ಹೊತ್ತು ಒಂದು ಓದುಕೋಣೆ ನಡೆಸುತ್ತೇವೆ. ಮನೆಯಲ್ಲೇ ಪವರ್‌ಲೂಮ್ ಇರುವ ಮಕ್ಕಳಿಗೆ ಆ ಖಟಖಟ ಸದ್ದಿನಲ್ಲಿ ಪಾಠ ತಲೆಗೆ ಹತ್ತುವುದಿಲ್ಲ, ಮಗ್ಗ ನಿಲ್ಲಿಸಿದರೆ ಮನೆ ನಡೆಯುವುದಿಲ್ಲ. ಹತ್ತು ವರ್ಷದಿಂದ ಆ ಕೋಣೆಗೆ ಪಟ್ಟಿ (ಚಂದಾ) ಎತ್ತುವವಳು, ಪಾವತಿ (ರಸೀದಿ) ಹರಿಯುವವಳು, ಜಮಾ-ಖರ್ಚು ಬರೆಯುವವಳು ನಾನೇ. ಹಾಗಾಗಿ ಕೊಡುವವರ ಕಷ್ಟವೂ ಗೊತ್ತು, ಕೇಳುವವರ ಕಷ್ಟವೂ ಗೊತ್ತು.

ಮೊದಲು ಕೊಟ್ಟವಳಾಗಿ ಹೇಳುತ್ತೇನೆ. ನಮ್ಮಪ್ಪ ತೀರಿಕೊಂಡ ವರ್ಷ ಅವರ ಹೆಸರಿನಲ್ಲಿ ಒಂದು ದೊಡ್ಡ ಸಂಸ್ಥೆಗೆ 5,000 ರೂಪಾಯಿ ಕೊಟ್ಟೆ. ಸಂಸ್ಥೆಯ ಹೆಸರು ಬೇಡ, ಅವರು ಮಾಡುವುದು ಒಳ್ಳೆ ಕೆಲಸವೇ. ಅಪ್ಪ ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವರು. ಈ ರೊಕ್ಕ ಮಕ್ಕಳ ಪುಸ್ತಕಕ್ಕೆ ಹೋಗಲಿ ಅಂತ ಒಂದು ಚೀಟಿಯಲ್ಲಿ ಬರೆದೇ ಕೊಟ್ಟಿದ್ದೆ. ಪಾವತಿ ಬಂತು, ಅದರಲ್ಲಿ ಅಪ್ಪನ ಹೆಸರೇ ತಪ್ಪಾಗಿತ್ತು. ತಿದ್ದಿಕೊಡಿ ಅಂತ ಎರಡು ಸಲ ಫೋನ್ ಮಾಡಿದೆ, ನೋಡುತ್ತೇವೆ ಅಂದರು. ಪುಸ್ತಕ ತಂದರೋ ಇಲ್ಲವೋ, ಯಾವ ಮಗುವಿನ ಕೈಗೆ ಹೋಯಿತೋ, ಒಂದು ಸಾಲೂ ಬರಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಮಾತ್ರ ಮೆಸೇಜು ಬಂತು. ಅದೇ ತಪ್ಪು ಹೆಸರು ಹಾಕಿ, ತೀರಿಹೋದ ಅಪ್ಪನಿಗೇ ಬರೆದಿದ್ದರು: ಈ ವರ್ಷವೂ ನಿಮ್ಮ ಸಹಾಯ ಇರಲಿ ಅಂತ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಆದರೆ ನಾವೂ ಇದನ್ನೇ ಮಾಡುತ್ತಿದ್ದೆವು ಅಂತ ಆಮೇಲೆ ಗೊತ್ತಾಯಿತು. ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ ಮಾಡುವ ಕಾಕಾ ಒಬ್ಬರು ನಮ್ಮ ಕೋಣೆಗೆ ವರ್ಷಕ್ಕೆ ಸಾವಿರ ರೂಪಾಯಿ ಕೊಡುತ್ತಿದ್ದರು. ನಾಲ್ಕನೇ ವರ್ಷ ನಿಲ್ಲಿಸಿದರು. ವ್ಯಾಪಾರ ಮಂದ ಇರಬೇಕು ಅಂದುಕೊಂಡು ನಾನೂ ಸುಮ್ನಿದ್ದೆ. ಒಂದು ದಿನ ಮನಸ್ಸು ತಡೆಯದೆ ಅಂಗಡಿಗೆ ಹೋದೆ. ಕೂರಿಸಿ ಚಹಾ ತರಿಸಿದರು. "ರೊಕ್ಕದ ಮಾತಲ್ಲ ತಂಗಿ. ಮೂರು ವರ್ಷ ಕೊಟ್ಟೆ. ಆ ಹುಡುಗೂರು ಪಾಸಾದ್ರೋ ಇಲ್ಲೋ ಅಂತ ನೀವ್ಯಾರೂ ಬಂದು ಹೇಳ್ಲಿಲ್ಲ. ರೊಕ್ಕ ಬೇಕಾದಾಗಷ್ಟ ಬರ್ತೀರಿ" ಅಂದರು. ಆ ವರ್ಷ ನಮ್ಮ ಕೋಣೆಯಲ್ಲಿ ಓದಿದ ಹದಿನಾಲ್ಕು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದರು. ನಾನು ಮಾತಾಡದೆ ಚಹಾ ಕುಡಿದು ಬಂದೆ. ಏನಂತ ಹೇಳಲಿ?

ನಮ್ಮ ಕಡೆ ಕೊಡುವ ಗುಣಕ್ಕೆ ಬರ ಇಲ್ಲ. ಊರ ಜಾತ್ರೆಗೆ ಪಟ್ಟಿ ಹಾಕಿದರೆ ಕೂಲಿ ಮಾಡುವವರೂ ಕೊಡುತ್ತಾರೆ. ಮಠದ ದಾಸೋಹಕ್ಕೆ ಮನೆಮನೆಯಿಂದ ಖಡಕ್ ರೊಟ್ಟಿ ಹೋಗುತ್ತದೆ, ಜೋಳದ ಚೀಲ ಹೋಗುತ್ತದೆ. ಅದು ಏನಾಯಿತು ಅಂತ ಯಾರೂ ವರದಿ ಕೇಳುವುದಿಲ್ಲ, ಏಕೆಂದರೆ ರೊಟ್ಟಿ ಬಡಿದು ಕೊಟ್ಟವಳು ಅದೇ ಪಂಕ್ತಿಯಲ್ಲಿ ಕೂತು ಊಟ ಮಾಡಿರುತ್ತಾಳೆ, ತನ್ನ ಪಕ್ಕದ ಎಲೆಗೆ ರೊಟ್ಟಿ ಬಿದ್ದದ್ದನ್ನು ಕಣ್ಣಾರೆ ನೋಡಿರುತ್ತಾಳೆ. ಜಾತ್ರೆ ಮುಗಿದ ಮೇಲೆ ಪಂಚರು ಗುಡಿ ಕಟ್ಟೆಯ ಮೇಲೆ ಕೂತು ಪೆಂಡಾಲಿಗೆ ಎಷ್ಟು, ಬ್ಯಾಂಡಿನವರಿಗೆ ಎಷ್ಟು, ಉಳಿದದ್ದು ಯಾರ ಕಡೆ ಇದೆ ಅಂತ ಓದಿ ಹೇಳುತ್ತಾರೆ. ನಮ್ಮಂಥ ಸಂಸ್ಥೆಗೆ ಕೊಟ್ಟವರಿಗೆ ಇದ್ಯಾವುದೂ ಕಾಣುವುದಿಲ್ಲ. ಪುಣೆಯಲ್ಲೋ ಇಚಲಕರಂಜಿಯಲ್ಲೋ ಕೂತು ಫೋನಿನಿಂದ ರೊಕ್ಕ ಕಳಿಸಿದವರಿಗೆ ನಾವಾಗಿ ಹೇಳದಿದ್ದರೆ ಗೊತ್ತಾಗುವುದು ಹೇಗೆ?

ಕಾಕಾ ಆಡಿದ ಮಾತಿನ ನಂತರ ನಾವು ಒಂದು ರೂಢಿ ಮಾಡಿಕೊಂಡೆವು. ಕೊಟ್ಟವರಿಗೆ ವರ್ಷದಲ್ಲಿ ಎರಡು ಸಲ ಏನೂ ಕೇಳದೆ ಫೋನ್ ಮಾಡುವುದು. ರಿಸಲ್ಟ್ ಬಂದಾಗ ಒಂದು ಸಲ, ದೀಪಾವಳಿಗೆ ಒಂದು ಸಲ. ದೇಣಿಗೆಯ ಮಾತು ಎತ್ತುವಂತಿಲ್ಲ. ಒಳ್ಳೆ ಸುದ್ದಿ ಅಷ್ಟೇ ಅಲ್ಲ, ಈ ವರ್ಷ ಮೂವರು ಫೇಲಾದರು, ಇಬ್ಬರು ಹುಡುಗಿಯರು ಅರ್ಧಕ್ಕೇ ಬಿಟ್ಟರು ಅನ್ನುವುದನ್ನೂ ಹೇಳುತ್ತೇವೆ. ಹೀಗೆ ಹೇಳಿದರೆ ಬೇಸರ ಮಾಡಿಕೊಂಡು ಕೊಡುವುದನ್ನು ನಿಲ್ಲಿಸಿಬಿಡುತ್ತಾರೆ ಅಂತ ನಮ್ಮಲ್ಲೇ ಕೆಲವರಿಗೆ ಹೆದರಿಕೆ ಇತ್ತು. ಆಗಿದ್ದೇ ಬೇರೆ. ಬಿಟ್ಟ ಹುಡುಗಿಯ ಮನೆಗೆ ಕಾಕಾ ತಾವೇ ಹೋಗಿ ಅವಳ ಅಪ್ಪನ ಹತ್ತಿರ ಮಾತಾಡಿ ಬಂದರು. ಅವಳು ಮತ್ತೆ ಬಂದಳು.

ಇನ್ನೊಂದು ಮಾತು. ಯಾವುದೇ ಗುಡಿಗೋ ಶಾಲೆಗೋ ಹೋಗಿ ತಲೆ ಎತ್ತಿ ನೋಡಿ. ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಕೊಟ್ಟವರ ಹೆಸರು, ಊರು ಬರೆದಿರುತ್ತದೆ. ಫ್ಯಾನು ಕೊಡುವವರು ಸಿಗುತ್ತಾರೆ, ಅದು ತಿರುಗಲು ಬೇಕಾದ ಲೈಟ್ ಬಿಲ್ಲಿಗೆ ಕೊಡುವವರು ಸಿಗುವುದಿಲ್ಲ. ನಮ್ಮ ಕೋಣೆಯಲ್ಲಿ ಒಂದು ಕಾಲಕ್ಕೆ ಐದು ಫ್ಯಾನು ಇದ್ದವು, ಕಸ ಗುಡಿಸುವ ಅಮ್ಮನಿಗೆ ಎರಡು ತಿಂಗಳ ಪಗಾರ ಬಾಕಿ ಇತ್ತು. ಇದು ಕೊಡುವವರ ತಪ್ಪು ಅಂತ ನಾನು ಒಪ್ಪುವುದಿಲ್ಲ. ಬಾಡಿಗೆ, ಪಗಾರ ಅಂತ ಬಾಯಿಬಿಟ್ಟು ಕೇಳಲು ನಾವೇ ನಾಚುತ್ತಿದ್ದೆವು. ಈಗ ಪಟ್ಟಿ ಪುಸ್ತಕದ ಮೊದಲ ಹಾಳೆಯಲ್ಲೇ ತಿಂಗಳ ಖರ್ಚು ಬರೆದಿದ್ದೇವೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮೂರ ಹುಡುಗ ಒಬ್ಬ ಅದನ್ನು ನೋಡಿ, "ಅಕ್ಕಾರ, ಲೈಟ್ ಬಿಲ್ ನನಗ ಬಿಡ್ರಿ" ಅಂದ. ಅವತ್ತಿನಿಂದ ತಪ್ಪದೆ ಅವನೇ ಕಟ್ಟುತ್ತಾನೆ.

ಬೇಕಾದದ್ದನ್ನು ಸರಿಯಾಗಿ ಹೇಳದಿದ್ದರೆ ಏನಾಗುತ್ತದೆ ಅಂತ 2019ರ ಆಗಸ್ಟ್‌ನಲ್ಲಿ ನೋಡಿದ್ದೇವೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಗೆ ನೀರು ಹೊಕ್ಕಾಗ ದೂರದೂರದಿಂದ ಲಾರಿಗಳು ಬಂದವು. ಆ ಮನಸ್ಸನ್ನು ನಾನು ಮರೆಯುವುದಿಲ್ಲ. ಆದರೆ ಒಂದು ಕಾಳಜಿ ಕೇಂದ್ರದ ಮುಂದೆ ಹಳೇ ಬಟ್ಟೆಯ ರಾಶಿ ಮಳೆಯಲ್ಲಿ ನೆನೆದು ಬಿದ್ದಿತ್ತು, ಹರಿದ ಸೀರೆ, ಗುಂಡಿ ಇಲ್ಲದ ಅಂಗಿ, ಒಂದೇ ಕಾಲಿನ ಚಪ್ಪಲಿ. ಅದರ ಪಕ್ಕದಲ್ಲೇ ಒಬ್ಬ ಅಜ್ಜ ಎಮ್ಮೆಗೆ ಮೇವು ಎಲ್ಲಿ ಸಿಗುತ್ತದೆ ಅಂತ ಕಂಡವರನ್ನೆಲ್ಲ ಕೇಳುತ್ತಿದ್ದ. ನೀರು ಇಳಿದ ಮೇಲೆ ಮನೆಯೊಳಗಿನ ರಾಡಿ ಬಳಿಯಲು ಸಲಿಕೆ, ಬಕೆಟ್ಟು, ಪೊರಕೆ ಬೇಕಿದ್ದವು, ಅವು ಯಾವ ಲಾರಿಯಲ್ಲೂ ಬರಲಿಲ್ಲ. ನಮಗೆ ಒಂದು ಗೆಳೆಯರ ಗುಂಪು ಮೊದಲೇ ಫೋನ್ ಮಾಡಿ ಏನು ಕಳಿಸಲಿ ಅಂತ ಕೇಳಿತು. ನೋಟ್‌ಬುಕ್ಕು, ಕಂಪಾಸು, ಏಳರಿಂದ ಹತ್ತನೇ ಇಯತ್ತೆವರೆಗೆ ಇಷ್ಟಿಷ್ಟು ಅಂತ ಹೇಳಿದೆವು. ಅಷ್ಟೇ ಬಂತು, ಒಂದೂ ಹಾಳಾಗಲಿಲ್ಲ. ಹಂಚಿದ ಲೆಕ್ಕ ಅದೇ ವಾರ ಕಳಿಸಿದೆವು. ಅವರು ಇವತ್ತಿಗೂ ಪ್ರತಿ ಜೂನ್‌ನಲ್ಲಿ ಫೋನ್ ಮಾಡುತ್ತಾರೆ.

ತೆರಿಗೆ ರಿಯಾಯಿತಿ ತೋರಿಸಿ ಕೇಳುವವರಿಗೂ ಒಂದು ಮಾತು. 80ಜಿ ಅಂತಲೇ ಹೆಸರಾದ, ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿಯಲ್ಲಿ ನಮ್ಮಂಥ ಸಂಸ್ಥೆಗೆ ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಅರ್ಧದಷ್ಟನ್ನು ಆದಾಯದಲ್ಲಿ ಕಳೆದು ತೋರಿಸಬಹುದು. ಆದರೆ ನಗದು 2,000 ರೂಪಾಯಿ ದಾಟಿದರೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವ ನೌಕರದಾರರಿಗಂತೂ ಇಲ್ಲವೇ ಇಲ್ಲ. ಎಷ್ಟೋ ಜನ ಈಗ ಆ ಪದ್ಧತಿಯಲ್ಲೇ ಇದ್ದಾರೆ. ಕೊಡುವ ಮೊದಲು ಇದನ್ನು ಬಿಡಿಸಿ ಹೇಳಬೇಕು ಅಲ್ವಾ? ಇನ್ನು 2021-22ರ ಲೆಕ್ಕದಿಂದ, ದಾನಿಗಳ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್ ಸಮೇತ ವಿವರವನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಕೊಟ್ಟು, ಅಲ್ಲಿಂದ ಬರುವ ಪ್ರಮಾಣಪತ್ರವನ್ನು ದಾನಿಗೆ ತಲುಪಿಸಬೇಕು ಅನ್ನುವ ನಿಯಮ ಬಂತು. ತಡವಾದರೆ ದಿನಕ್ಕೆ 200 ರೂಪಾಯಿ ದಂಡ. ಕ್ಯೂಆರ್ ಕೋಡ್ ಗೋಡೆಗೆ ಅಂಟಿಸಿ ಸುಮ್ಮನಾದರೆ ಯಾರು ಕೊಟ್ಟರು ಅನ್ನುವುದೇ ಎಷ್ಟೋ ಸಲ ಸರಿಯಾಗಿ ತಿಳಿಯುವುದಿಲ್ಲ. ನಮಗೆ ಒಮ್ಮೆ ಹಾಗೆ 3,001 ರೂಪಾಯಿ ಬಂದಿತ್ತು. ಯಾರದು ಅಂತ ಇಡೀ ಪೇಟೆಯಲ್ಲಿ ಕೇಳಿದೆ, ಸಿಗಲಿಲ್ಲ. ಯಾರ ನೆನಪಿಗೆ ಕೊಟ್ಟಿದ್ದರೋ ಏನೋ.

ಈಗ ಸಣ್ಣ ಸಂಸ್ಥೆಗಳೂ ಕಂಪನಿಗಳ ಸಿಎಸ್ಆರ್, ಅಂದರೆ ಸಾಮಾಜಿಕ ಹೊಣೆಯ ಫಂಡಿನ ಹಿಂದೆ ಓಡುತ್ತಿವೆ. ನಿಗದಿಗಿಂತ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಇಂಥ ಕೆಲಸಕ್ಕೆ ಕೊಡಬೇಕು ಅನ್ನುವ ಕಾನೂನು 2014ರಿಂದ ಇದೆ, ಸಿಕ್ಕರೆ ಒಳ್ಳೆಯದೇ. ಆದರೆ ಅದಕ್ಕಾಗಿ ಐನೂರು ಕೊಡುವವರನ್ನು ಮರೆಯಬಾರದು. ಬಾಗಲಕೋಟೆಯ ಬಿ.ವಿ.ವಿ. ಸಂಘ 1906ರಲ್ಲಿ, ವಿಜಯಪುರದ ಬಿ.ಎಲ್.ಡಿ.ಇ. 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. 1916ರಲ್ಲಿ, ಹೀಗೆ ಈ ಶಿಕ್ಷಣ ಸಂಸ್ಥೆಗಳು ಶುರುವಾದಾಗ ಯಾವ ಸಿಎಸ್ಆರ್ ಇತ್ತು? ಶಿರಸಂಗಿ ಲಿಂಗರಾಜ ದೇಸಾಯಿಯವರು ಮಕ್ಕಳ ಓದಿಗೆ ಆಸ್ತಿಯನ್ನೇ ಬಿಟ್ಟುಹೋದರು, ಬೆಳಗಾವಿಯ ಲಿಂಗರಾಜ ಕಾಲೇಜು ಇವತ್ತಿಗೂ ಅವರ ಹೆಸರಲ್ಲೇ ಇದೆ.

ಕೊನೆಗೆ ನಿಮ್ಮಲ್ಲಿ ಒಂದು ವಿನಂತಿ. ದೊಡ್ಡ ಅಳತೆಯ ಚೆಕ್ ಹಿಡಿದು ಹತ್ತು ಜನ ನಿಂತ ಫೋಟೊಗಳು ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೆ ಒಂದಾದರೂ ಬರುತ್ತವೆ. ಬರಲಿ. ಹಾಗೆಯೇ, ಒಂದು ವರ್ಷವಾದ ಮೇಲೆ ನಿಮ್ಮ ವರದಿಗಾರರನ್ನು ಅದೇ ಜಾಗಕ್ಕೆ ಕಳಿಸಿ. ಕಟ್ಟುತ್ತೇವೆ ಅಂದ ಕೋಣೆ ಎದ್ದಿದೆಯಾ, ಕೊಟ್ಟ ಕಂಪ್ಯೂಟರಿನ ಮೇಲಿನ ಪ್ಲಾಸ್ಟಿಕ್ ತೆಗೆದಿದ್ದಾರಾ, ಎಷ್ಟು ಮಕ್ಕಳು ಅದರ ಮುಂದೆ ಕೂರುತ್ತಾರೆ ಅಂತ ನಾಲ್ಕು ಸಾಲು ಬರೆಸಿ. ಮೊದಲು ನಮ್ಮ ಕೋಣೆಯಿಂದಲೇ ಶುರು ಮಾಡಿ ಬೇಕಾದರೆ. ಈ ವರ್ಷದ ಜಮಾ-ಖರ್ಚನ್ನು ಬಾಗಿಲಿಗೇ ಅಂಟಿಸಿದ್ದೇವೆ, ಕಸ ಗುಡಿಸುವ ಅಮ್ಮನ ಪಗಾರವೂ ಅದರಲ್ಲಿದೆ. ಸಂಜೆ ಆರರ ಮೇಲೆ ಬಂದರೆ ಮಕ್ಕಳೂ ಇರುತ್ತಾರೆ.

ನಿಮ್ಮ ಓದುಗರಲ್ಲಿ ಒಬ್ಬಳು,
ರಬಕವಿ, ಬಾಗಲಕೋಟೆ ಜಿಲ್ಲೆ