1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಇರಲಿಲ್ಲ

ಮಾನ್ಯ ಸಂಪಾದಕರೇ,

ಆಗಸ್ಟ್ ತಿಂಗಳು ಬಂತೆಂದರೆ ಒಂದು ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ: ‘ಸ್ವಾತಂತ್ರ್ಯ ಬಂದಾಗ ಒಂದು ರೂಪಾಯಿಗೆ ಒಂದು ಡಾಲರ್ ಇತ್ತು. ನಮಗೆ ಸಾಲವೇ ಇರಲಿಲ್ಲ. ಈಗ ನೋಡಿ!’ ಈ ಸಲ ಅದು ನಮ್ಮ ಮನೆಯೊಳಗೇ ಬಂತು. ಎಂಟನೇ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಸ್ವಾತಂತ್ರ್ಯ ದಿನದ ಭಾಷಣಕ್ಕೆಂದು ಬರೆದುಕೊಂಡ ಹಾಳೆಯ ಮೊದಲ ಸಾಲೇ ಅದು. ಎಲ್ಲಿ ಓದಿದೆ ಎಂದು ಕೇಳಿದರೆ ಒಂದು ಪತ್ರಿಕೆಯಿಂದ ಕತ್ತರಿಸಿಟ್ಟ ತುಣುಕನ್ನು ತಂದು ತೋರಿಸಿದಳು. ಅಚ್ಚಾದ ಮಾತನ್ನು ಮಕ್ಕಳು ನಂಬುತ್ತಾರೆ, ನಂಬಲೂಬೇಕು. ಅದಕ್ಕಾಗಿಯೇ ಈ ಪತ್ರ.

ಮೂವತ್ತು ವರ್ಷ ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ಮೇಜಿನಲ್ಲಿ ಕುಳಿತವನು ನಾನು. ಅದೇ ಹಾಳೆಯ ಹಿಂಬದಿಯಲ್ಲಿ ಅವಳ ಕೈಯಿಂದಲೇ ಲೆಕ್ಕ ಮಾಡಿಸಿದೆ. ಆಗ ನಮ್ಮ ರೂಪಾಯಿಯನ್ನು ಕಟ್ಟಿದ್ದು ಬ್ರಿಟನ್ನಿನ ಪೌಂಡಿಗೆ. ದರ, ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್, ಅಂದರೆ 18 ಪೆನ್ಸ್. ಪೌಂಡಿಗೆ 240 ಪೆನ್ಸ್. ಭಾಗಿಸಿದರೆ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. (ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಹೇಳಿಕೊಡುವುದಕ್ಕೇ ಕಾಲು ಗಂಟೆ ಹಿಡಿಯಿತು.) ಆ ಪೌಂಡಿಗೆ ಅಮೆರಿಕದ ಬೆಲೆ 4 ಡಾಲರ್ 3 ಸೆಂಟ್. ಹಾಗಾಗಿ 1947ರಲ್ಲಿ ಒಂದು ಡಾಲರಿಗೆ ಕೊಡಬೇಕಾಗಿದ್ದುದು 3 ರೂಪಾಯಿ 5 ಆಣೆಯ ಆಸುಪಾಸು. ಇದು ನನ್ನೊಬ್ಬನ ಲೆಕ್ಕವಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿ 1946ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ರೂಪಾಯಿಯ ಬೆಲೆ 30.225 ಅಮೆರಿಕನ್ ಸೆಂಟ್ ಎಂದೇ ಇದೆ.

‘ಸಾಲವಿರಲಿಲ್ಲ, ಅದಕ್ಕೇ ಸಮ ಸಮ’ ಎಂಬ ಮಾತಿಗೂ ಬುಡವಿಲ್ಲ. ಎರಡನೇ ಮಹಾಯುದ್ಧದಲ್ಲಿ ಭಾರತದಿಂದ ಸರಕು, ಸೇವೆ ಪಡೆದು ಬ್ರಿಟನ್ನೇ ನಮಗೆ ದೊಡ್ಡ ಸಾಲಗಾರನಾಗಿತ್ತು, ನಿಜ. ಆದರೂ ದರ ಮಾತ್ರ ಹಿಂದಿನ 18 ಪೆನ್ಸೇ. ಅದು ಆಳುವವರು ಕೂತು ನಿಗದಿ ಮಾಡಿದ ದರ.

ಆ ದರವನ್ನು ನಿಗದಿ ಮಾಡಿದ ಕತೆಯನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುತ್ತಿಲ್ಲ ಎಂಬುದೇ ನನ್ನ ದೊಡ್ಡ ಕೊರಗು. 1926ರಲ್ಲಿ, ಭಾರತದ ಹಣದ ವ್ಯವಸ್ಥೆಯನ್ನು ಪರಿಶೀಲಿಸಲು ಬ್ರಿಟಿಷರು ನೇಮಿಸಿದ್ದ ಹಿಲ್ಟನ್ ಯಂಗ್ ಆಯೋಗ ರೂಪಾಯಿಗೆ 18 ಪೆನ್ಸ್ ಇರಲಿ ಎಂದಿತು. ಮರುವರ್ಷ ಅದು ಕಾನೂನಾಯಿತು. ಆಯೋಗದ ಸದಸ್ಯರಾಗಿದ್ದ ಮುಂಬೈಯ ಉದ್ಯಮಿ ಸರ್ ಪುರುಷೋತ್ತಮದಾಸ್ ಠಾಕೂರ್‌ದಾಸ್ ಭಿನ್ನಮತದ ಟಿಪ್ಪಣಿ ಬರೆದು, 16 ಪೆನ್ಸ್ ಸಾಕು ಎಂದು ಪಟ್ಟು ಹಿಡಿದರು. ಗಮನಿಸಿ, ಅವರು ಕೇಳಿದ್ದು ರೂಪಾಯಿಯ ಬೆಲೆ ಇಳಿಸಿ ಎಂದು. ಬೆಲೆ ಏರಿದಷ್ಟೂ ವಿದೇಶಿ ಬಟ್ಟೆ ಇಲ್ಲಿ ಅಗ್ಗವಾಗುತ್ತದೆ, ಹೊರಗೆ ಮಾರುವ ನಮ್ಮ ಹತ್ತಿ, ಸೆಣಬಿಗೆ ರೈತನ ಕೈಗೆ ಬರುವ ರೂಪಾಯಿ ಕಡಿಮೆಯಾಗುತ್ತದೆ. 1930ರ ಜನವರಿಯಲ್ಲಿ ಗಾಂಧೀಜಿ ಸರ್ಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆ ರದ್ದಾಗಲಿ ಎಂಬುದನ್ನು ಎಲ್ಲರೂ ಬಲ್ಲರು. ಅದೇ ಪಟ್ಟಿಯಲ್ಲಿ ರೂಪಾಯಿ ದರವನ್ನು 1 ಶಿಲಿಂಗ್ 4 ಪೆನ್ಸಿಗೆ, ಅಂದರೆ ಅದೇ 16 ಪೆನ್ಸಿಗೆ ಇಳಿಸಿ ಎಂಬ ಬೇಡಿಕೆಯೂ ಇತ್ತು! ದುಬಾರಿ ರೂಪಾಯಿಯ ವಿರುದ್ಧ ಹೋರಾಡಿದವರ ಹೆಸರಿನ ಹಬ್ಬದ ದಿನ, ದುಬಾರಿ ರೂಪಾಯಿಯೇ ಅಂದಿನ ವೈಭವ ಎಂದು ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದೇವೆ. ನನಗೆ ಇದು ನೋವಿನ ಸಂಗತಿ.

ಮುಂದಿನದು ಬೇಗ ಹೇಳಬಹುದಾದದ್ದು. 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಅಪಮೌಲ್ಯವಾದಾಗ ನಾವೂ ಜೊತೆಗೆ ಇಳಿದೆವು. ಡಾಲರ್ 4 ರೂಪಾಯಿ 76 ಪೈಸೆಗೆ ಸಮನಾಯಿತು. ಪಾಕಿಸ್ತಾನ ಇಳಿಸಲಿಲ್ಲ. ಅಲ್ಲಿನ 100 ರೂಪಾಯಿಗೆ ನಮ್ಮ 144 ಎಂದಾದಾಗ ಆಗ ಪಾಕಿಸ್ತಾನಕ್ಕೆ ಸೇರಿದ್ದ ಪೂರ್ವ ಬಂಗಾಳದ ಸೆಣಬು ಕಲ್ಕತ್ತೆಯ ಗಿರಣಿಗಳಿಗೆ ಬರುವುದೇ ಕಷ್ಟವಾಯಿತು. 1966ರ ಜೂನ್ 6ರಂದು ಡಾಲರ್ ಒಂದೇ ಏಟಿಗೆ 7 ರೂಪಾಯಿ 50 ಪೈಸೆಗೆ ಏರಿತು.

1991 ಮಾತ್ರ ನಾನು ಕಣ್ಣಾರೆ ಕಂಡದ್ದು. ಬೆಳಿಗ್ಗೆ ದರ ಬಂದೊಡನೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಕೆಲಸ. ಜುಲೈ 1ರ ಸೋಮವಾರ ಅಪಮೌಲ್ಯ, ಬುಧವಾರ ಮತ್ತೊಂದು. 21 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ವಾರ ಮುಗಿಯುವುದರೊಳಗೆ 26ರ ಹತ್ತಿರ ಬಂದಿತ್ತು. ಮಗನ ವಿದೇಶದ ಓದಿಗೆ ಹಣ ಕಳುಹಿಸಲು ಬಂದಿದ್ದ ಅಧ್ಯಾಪಕರೊಬ್ಬರು ಹಲಗೆಯನ್ನು ನೋಡಿದರು, ಚೀಲದಲ್ಲಿದ್ದ ನೋಟುಗಳನ್ನು ಇನ್ನೊಮ್ಮೆ ಎಣಿಸಿದರು, ನಾಳೆ ಬರುತ್ತೇನೆ ಎಂದು ಹೊರಟುಹೋದರು. ರೂಪಾಯಿ ಇಳಿದರೆ ಯಾರಿಗೆ ಎಲ್ಲಿ ತಟ್ಟುತ್ತದೆ ಎಂಬುದು ನನಗೆ ಗೊತ್ತು. ಪೆಟ್ರೋಲ್, ಅಡುಗೆ ಎಣ್ಣೆ, ಔಷಧದ ಕಚ್ಚಾವಸ್ತು ಎಲ್ಲಕ್ಕೂ ಅದರ ಬಿಸಿ ಇದೆ. 2022ರ ಜುಲೈನಲ್ಲಿ ಡಾಲರ್ 80 ರೂಪಾಯಿ ದಾಟಿದಾಗ ಸರ್ಕಾರವನ್ನು ಪ್ರಶ್ನಿಸಿದವರ ಹಕ್ಕನ್ನು ನಾನು ಒಪ್ಪುತ್ತೇನೆ. ಆ ಪ್ರಶ್ನೆಗೆ ಸುಳ್ಳಿನ ಆಧಾರ ಬೇಕಾಗಿಲ್ಲ. ಬರಿಯ ಅಂಕಿಯಿಂದ ದೇಶದ ಏಳಿಗೆ ಅಳೆಯುವುದೂ ಸರಿಯಲ್ಲ: 1949ರಿಂದ 1971ರವರೆಗೆ ಒಂದು ಡಾಲರಿಗೆ 360 ಯೆನ್ ಕೊಡುತ್ತಲೇ ಜಪಾನ್ ಜಗತ್ತಿನ ಮುಂಚೂಣಿಯ ಕೈಗಾರಿಕಾ ದೇಶವಾಯಿತು.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಆಗಸ್ಟ್ 15ರ ಪುರವಣಿಯಲ್ಲಿ 1947, 1949, 1966, 1991ರ ನಿಜವಾದ ದರಗಳನ್ನು ಒಂದು ಚಿಕ್ಕ ಚೌಕಟ್ಟಿನಲ್ಲಿ, ಶಾಲೆಯ ಮಕ್ಕಳು ಕತ್ತರಿಸಿ ಇಟ್ಟುಕೊಳ್ಳುವಂತೆ ಪ್ರಕಟಿಸಿ. ಮೊಮ್ಮಗಳು ಭಾಷಣದ ಮೊದಲ ಸಾಲನ್ನು ಹೊಡೆದುಹಾಕಿ ‘3 ರೂಪಾಯಿ 5 ಆಣೆ’ ಎಂದು ಬರೆದುಕೊಂಡಿದ್ದಾಳೆ. ಅದನ್ನು ನಂಬದ ಗೆಳತಿಯರಿಗೆ ತೋರಿಸಲು ಅವಳಿಗೆ ಅಚ್ಚಾದ ತುಣುಕೊಂದು ಬೇಕಾಗಿದೆ.

– ನಿವೃತ್ತ ಬ್ಯಾಂಕ್ ನೌಕರ, ಮೈಸೂರು